ಫ್ಯುಯೆಲಿ ಫೇಲಾಗಿದ್ದಲ್ಲ, ಫೇಲು ಮಾಡಿದ್ದು

ಬ್ಲಾಗಿಗೆ ಧೂಳು ಹಿಡಿದು ಎರಡು ತಿಂಗಳಾಯ್ತು. "ಏನ್ರೀ, ಬರೆಯೋದು ನಿಲ್ಲಿಸಿಬಿಟ್ರಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ರು. ನನ್ನ ಓದುಗರ ಒಟ್ಟು ಸಂಖ್ಯೆಯೂ ಹೆಚ್ಚು ಕಮ್ಮಿ ಅಷ್ಟೇ ಇರೋದರಿಂದ ಇದನ್ನ ಸಮಸ್ತ ಓದುಗರ ಒತ್ತಾಯ ಅಂತಲೇ ತಿಳ್ಕೊಂಡಿದ್ದೀನಿ :-)

ಆದರೆ ಇವತ್ತು ಬರೆಯೋಕೆ ಕೂರಿಸಿದ್ದು ಒತ್ತಾಯ ಅಲ್ಲ, ಸಿಟ್ಟು. ಅದೂ ಒಂದು ಕಾರಿನ ವಿಷಯಕ್ಕೆ. ನನ್ನ ಹತ್ತಿರ ಇಲ್ಲದ, ನನ್ನ ಸಂಬಳದಲ್ಲಿ ಯಾವತ್ತೂ ಕೊಳ್ಳೋಕಾಗದ, ನನಗಿಂತ ಮೂವತ್ತು ವರ್ಷಕ್ಕೂ ಹೆಚ್ಚು ದೊಡ್ಡದಾದ ಕಾರು. ಕಾರು ಅಂದ ಕೂಡಲೇ ಟ್ಯಾಬ್ ಮುಚ್ಚಬೇಡಿ. ಕೊನೆಗೆ ವಿಷಯ ಬಂದು ನಿಲ್ಲೋದು ನಮ್ಮ ನಿಮ್ಮ ಕೆಲಸದ ಹತ್ತಿರಾನೇ.

ಗೊತ್ತಿಲ್ಲದವರಿಗೆ ಎರಡು ಮಾತು: ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಎಲ್ಲರ ಹಾಗೆ ಸಾಫ್ಟ್‌ವೇರಿಗೆ ಬಿದ್ದವನು. ಆದರೂ ಪೂರ್ತಿ ಬಿದ್ದಿಲ್ಲ. ಇಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕು ಅಂತ ಲೆಕ್ಕ ಹಾಕೋ ಪುಟ್ಟ ಕಂಪ್ಯೂಟರ್ ಇರುತ್ತಲ್ಲ, ಅದರೊಳಗಿನ ಕೋಡ್ ಬರೆಯೋದು ನನ್ನ ಹೊಟ್ಟೆಪಾಡು. ಬೆಂಗಳೂರಲ್ಲಿ ನಾಲ್ಕು ವರ್ಷ ಮಾಡಿದೆ, ಈಗ ಒಂದೂವರೆ ವರ್ಷದಿಂದ ಮಿಶಿಗನ್ನಿನಲ್ಲಿದ್ದೀನಿ.

ಇಲ್ಲಿ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂನಲ್ಲಿ ಪ್ರತಿ ಆಗಸ್ಟಿನಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತೆ. ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ, 1995ರಲ್ಲಿ ಶುರುವಾಗಿದ್ದು. ನಮ್ಮ ಕಡೆ ತೇರು ಎಳೆಯೋ ದಿನ ಬೀದಿ ಹೇಗಿರುತ್ತೋ ಹಾಗೆ. ಜನ ಮಡಚೋ ಕುರ್ಚಿ ತಂದು ಫುಟ್‌ಪಾತಿನಲ್ಲಿ ಹಾಕ್ಕೊಂಡು ಬೆಳಗ್ಗೆಯಿಂದ ಸಾಯಂಕಾಲದ ತನಕ ಕಾರು ನೋಡ್ತಾ ಕೂರ್ತಾರೆ. ಅಲ್ಲಿ ಒಂದು ಪಾರ್ಕಿಂಗ್ ಜಾಗದಲ್ಲಿ 1963ರ ಶೆವ್ರೊಲೆ ಕಾರ್ವೆಟ್ ನಿಂತಿತ್ತು. ಹಿಂದಿನ ಗಾಜು ಎರಡು ಹೋಳಾಗಿರೋದು, ಆ ಒಂದೇ ವರ್ಷ ಬಂದ ಮಾಡೆಲ್. ಮುಂದಿನ ಚಕ್ರದ ಹತ್ತಿರ ಬಾವುಟದ ಗುರುತು, ಅದರ ಕೆಳಗೆ 'ಫ್ಯುಯೆಲ್ ಇಂಜೆಕ್ಷನ್' ಅನ್ನೋ ಅಕ್ಷರ.

ನನಗೆ ಎದೆ ಹೊಡ್ಕೊಳ್ತು. ಕಾಲೇಜಿನಲ್ಲಿ ಪುಸ್ತಕದಲ್ಲಿ ನೋಡಿದ್ದ ಯಂತ್ರ. ಓಡಿ ಹೋಗಿ ಬಾನೆಟ್ ಒಳಗೆ ಬಗ್ಗಿ ನೋಡ್ತೀನಿ... ಕಾರ್ಬ್ಯುರೇಟರ್!

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಯಜಮಾನರು ನನ್ನ ಮುಖ ನೋಡಿ ನಕ್ಕರು. "ಎಲ್ಲರೂ ಹೀಗೇ ಮಾಡ್ತಾರೆ. ಮೊದಲು ಓಡಿ ಬರ್ತಾರೆ, ಆಮೇಲೆ ಮುಖ ಸಣ್ಣದು ಮಾಡ್ಕೊಳ್ತಾರೆ" ಅಂದ್ರು. 1969ರಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ಸೆಕೆಂಡ್ ಹ್ಯಾಂಡ್ ಕೊಂಡ ಕಾರು. ಬಿಸಿ ಇಂಜಿನ್ ಒಂದೊಂದು ಸಲ ಸ್ಟಾರ್ಟ್ ಆಗ್ತಿರಲಿಲ್ಲವಂತೆ. ಮೂರು ಕಡೆ ತೋರಿಸಿದ್ರು. ಮೂರೂ ಕಡೆ ಒಂದೇ ಮಾತು: ಇದನ್ನ ಮುಟ್ಟೋರಿಲ್ಲ, ಕಿತ್ತು ಹಾಕಿ ಕಾರ್ಬ್ಯುರೇಟರ್ ಕೂರಿಸ್ತೀವಿ. ಮೂರನೇ ಕಡೆ ಒಪ್ಪಿಕೊಂಡ್ರು. ಸಾಯಂಕಾಲ ಕಾರು ತರೋಕೆ ಹೋದಾಗ ಮೆಕ್ಯಾನಿಕ್ ಒಂದು ರಟ್ಟಿನ ಡಬ್ಬ ತೋರಿಸಿ, "ಇದನ್ನ ತಗೊಂಡು ಹೋಗ್ತೀಯಾ?" ಅಂತ ಕೇಳಿದನಂತೆ. "ಬೇಡ, ಎಸೆದುಬಿಡು ಅಂದೆ" ಅಂದ್ರು ಯಜಮಾನರು. ಹೇಳಿ ಸ್ವಲ್ಪ ಹೊತ್ತು ರಸ್ತೆ ಕಡೆ ನೋಡ್ತಾ ಕೂತ್ರು. ಇವತ್ತು ಆ ಡಬ್ಬದೊಳಗಿನ ಯೂನಿಟ್ ಒಂದಕ್ಕೇ ಸಾವಿರಾರು ಡಾಲರ್ ಬೆಲೆ. ಅವರಿಗೆ ಬೇಜಾರು ಬೆಲೆಗಲ್ಲ. "ಅದರಲ್ಲಿ ಏನು ಕೆಟ್ಟಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ" ಅಂದ್ರು.

ಈ ವಾಕ್ಯ ತಲೆಯಲ್ಲಿ ಇಟ್ಕೊಂಡೇ ಸೋಮವಾರ ಆಫೀಸಿಗೆ ಹೋದೆ. ಮಧ್ಯಾಹ್ನ ಊಟದಲ್ಲಿ ಹುಬ್ಬಳ್ಳಿಯ ಗೆಳೆಯನಿಗೆ ಎಲ್ಲಾ ಹೇಳಿದೆ. ನನಗಿಂತ ಐದು ವರ್ಷ ಸೀನಿಯರ್, ಬುದ್ಧಿವಂತ. ಚಪಾತಿ ಮುರೀತಾ ಒಂದೇ ಏಟಿಗೆ ಮುಗಿಸಿಬಿಟ್ಟ: "ಅದು ಫೇಲ್ ಆದ ಟೆಕ್ನಾಲಜಿ ಐತಿ ಬಿಡಲೇ. ಅಷ್ಟ್ ಚಲೋ ಇದ್ದಿದ್ರ ಯಾಕ್ ಬಂದ್ ಮಾಡ್ತಿದ್ರು?"

ಈ ಒಂದು ಪ್ರಶ್ನೆಗೆ ಉತ್ತರ ಈ ಪೋಸ್ಟ್. ಊಟದ ಬಿಡುವಿನಲ್ಲಿ ಮುಗಿಯೋದಲ್ಲ ಅದು. ಅವನಿಗೊಬ್ಬನಿಗೇ ಅಲ್ಲ, ಯಾವುದು ಮಾಯವಾಯ್ತೋ ಅದು ಕೆಟ್ಟದ್ದೇ ಇದ್ದಿರಬೇಕು ಅಂತ ನಂಬಿರೋ ಎಲ್ಲರಿಗೂ.

ಮೊದಲು ವಸ್ತು ಏನು ಅಂತ ನೋಡೋಣ.

ಕಾರ್ಬ್ಯುರೇಟರ್ ನಿಮಗೆಲ್ಲ ಗೊತ್ತು. ಅಪ್ಪನ ಸ್ಕೂಟರ್ ಬೆಳಗ್ಗೆ ಸ್ಟಾರ್ಟ್ ಆಗದಿದ್ದಾಗ ಬಿಚ್ಚಿ ಊದ್ತಿದ್ರಲ್ಲ, ಅದು. ಇಂಜಿನ್ ಗಾಳಿ ಎಳ್ಕೊಳ್ಳುತ್ತೆ, ಆ ಗಾಳಿಯ ಸೆಳೆತಕ್ಕೆ ಪೆಟ್ರೋಲು ಎದ್ದು ಬರುತ್ತೆ. ಸರಳ, ಅಗ್ಗ. ಆದರೆ ಎಂಟು ಸಿಲಿಂಡರಿಗೆ ಒಂದು ಕಾರ್ಬ್ಯುರೇಟರ್ ಅಂದರೆ, ಸಮಾರಾಧನೆಯಲ್ಲಿ ಬಾಗಿಲ ಹತ್ತಿರ ನಿಂತು ಸೌಟಿನಿಂದ ಪಾಯಸ ಎರಚಿದ ಹಾಗೆ. ಹತ್ತಿರದ ಎಲೆಗೆ ಜಾಸ್ತಿ, ಮೂಲೆಯ ಎಲೆಗೆ ಕಮ್ಮಿ. ಜೋರಾಗಿ ತಿರುವು ತಗೊಂಡರೆ ಬಟ್ಟಲಿನ ಪೆಟ್ರೋಲು ಒಂದು ಕಡೆ ವಾಲಿ ಇಂಜಿನ್ ಕೆಮ್ಮುತ್ತೆ. ಇಂಜೆಕ್ಷನ್ ಅಂದರೆ ಪ್ರತಿ ಎಲೆಯ ಹತ್ತಿರ ಹೋಗಿ ಅಳತೆಯಾಗಿ ಬಡಿಸೋದು.

1950ರ ದಶಕದಲ್ಲಿ ಇದೇನು ಹೊಸ ಕನಸಲ್ಲ. ಅಮೆರಿಕದ ರೇಸ್ ಕಾರುಗಳಲ್ಲಿ ಸ್ಟೂ ಹಿಲ್‌ಬಾರ್ನ್ ಅನ್ನೋರ ಇಂಜೆಕ್ಷನ್ ಆಗಲೇ ಇತ್ತು. 1953ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದ ಬಿಲ್ ವುಕೊವಿಚ್ ಓಡಿಸಿದ ಕಾರಿನ ಹೆಸರೇ 'ಫ್ಯುಯೆಲ್ ಇಂಜೆಕ್ಷನ್ ಸ್ಪೆಷಲ್'. ಜರ್ಮನಿಯಲ್ಲಿ 1954ರ ಮರ್ಸಿಡೀಸ್ 300 ಎಸ್‌ಎಲ್‌ಗೆ ಬಾಷ್ ಇಂಜೆಕ್ಷನ್ ಬಂದಿತ್ತು. ಆದರೆ ರೇಸ್ ಕಾರಿಗೆ ಟ್ರಾಫಿಕ್ಕಿನಲ್ಲಿ ನಿಲ್ಲೋ ಕಷ್ಟ ಇಲ್ಲ. ಮರ್ಸಿಡೀಸ್ ಕೊಳ್ಳೋರಿಗೆ ದುಡ್ಡಿನ ಕಷ್ಟ ಇಲ್ಲ. ಮಾಮೂಲಿ ಷೋರೂಮಿಗೆ ಹೋಗಿ ಕೊಳ್ಳೋ ಕಾರಿಗೆ ಇದನ್ನ ಹಾಕಬೇಕು ಅಂತ ಜನರಲ್ ಮೋಟರ್ಸ್‌ನ ಜಾನ್ ಡೋಲ್ಝಾ ಕೂತ್ರು. ಜೊತೆಗೆ ಕಾರ್ವೆಟ್ಟಿನ ಆತ್ಮ ಅಂತ ಕರೆಸಿಕೊಳ್ಳೋ ಝೋರಾ ಆರ್ಕಸ್-ಡಂಟಾವ್. ಈ ಡಂಟಾವ್ 1956ರಲ್ಲಿ ಟೆಸ್ಟ್ ಟ್ರ್ಯಾಕಿನಲ್ಲಿ ಕಾರು ಗುದ್ದಿಸಿಕೊಂಡು ಬೆನ್ನುಮೂಳೆ ಮುರ್ಕೊಂಡು, ಮೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಕೆಲಸ ಮಾಡಿದವರು. ನಮಗೆ ಕುತ್ತಿಗೆ ಉಳುಕಿದರೆ ವರ್ಕ್ ಫ್ರಂ ಹೋಮ್ ಬೇಕು!

1957ರ ಮಾಡೆಲ್ಲಿಗೆ ಬಂದೇ ಬಂತು. ಹೆಸರು ರೋಚೆಸ್ಟರ್ ರಾಮ್‌ಜೆಟ್. 283 ಘನ ಇಂಚಿನ ಇಂಜಿನ್, ಅಂದರೆ ಸುಮಾರು 4.6 ಲೀಟರ್. ಅದರಿಂದ 283 ಹಾರ್ಸ್‌ಪವರ್. ಘನ ಇಂಚಿಗೆ ಒಂದು ಹಾರ್ಸ್‌ಪವರ್ ಅಂತ ಶೆವ್ರೊಲೆ ಡಂಗುರ ಸಾರಿತು. (ಅದಕ್ಕೂ ಒಂದು ವರ್ಷ ಮುಂಚೆ ಕ್ರೈಸ್ಲರ್ 300ಬಿ ಕಾರಿಗೆ 354 ಘನ ಇಂಚಿನಲ್ಲಿ 355 ಹಾರ್ಸ್‌ಪವರ್ ಸಿಗ್ತಿತ್ತು. ಹಾಗಾಗಿ 'ನಾವೇ ಮೊದಲು' ಅನ್ನೋದು ಜಾಹೀರಾತಿನ ಮಾತು. ನಾನು ಮೆಚ್ಚಿದ ಯಂತ್ರ ಅಂತ ಸುಳ್ಳಿಗೆ ತಲೆ ಆಡಿಸಲ್ಲ.) ಜನ ಪ್ರೀತಿಯಿಂದ ಇಟ್ಟ ಹೆಸರು ಫ್ಯುಯೆಲಿ. 3,176 ಡಾಲರಿನ ಕಾರಿಗೆ ಇದೊಂದಕ್ಕೇ ಹೆಚ್ಚುವರಿ 484 ಡಾಲರ್. ಆ ವರ್ಷ ಮಾಡಿದ 6,339 ಕಾರ್ವೆಟ್‌ಗಳಲ್ಲಿ 1,040ಕ್ಕೆ ಇದು ಇತ್ತು. ಆರರಲ್ಲಿ ಒಬ್ಬರು ಕಾರಿನ ಬೆಲೆಯ ಏಳನೇ ಒಂದು ಪಾಲಿಗಿಂತ ಹೆಚ್ಚು ಕೊಟ್ಟು ಕೊಂಡ್ಕೊಂಡ್ರು ಅಂತಾಯ್ತು.

ಈಗ ಒಳಗೆ ಹೋಗೋಣ. ಕೋಡ್ ಬರೆಯೋರು ಗಮನ ಇಟ್ಟು ಓದಿ. ನನಗೆ ಹುಚ್ಚು ಹಿಡಿಸಿದ್ದು ಈ ಜಾಗ.

ಯೂನಿಟ್ಟಿನಲ್ಲಿ ಮೂರು ಭಾಗ. ಗಾಳಿ ಅಳೆಯೋದು ಒಂದು, ಪೆಟ್ರೋಲು ಅಳೆಯೋದು ಒಂದು, ಎರಡರ ಮಧ್ಯೆ ಎಂಟು ಸಿಲಿಂಡರಿಗೂ ಗಾಳಿ ಹಂಚೋ ದೊಡ್ಡ ಅಲ್ಯುಮಿನಿಯಂ ಪೆಟ್ಟಿಗೆ. ಪೆಟ್ರೋಲಿನ ಭಾಗದಲ್ಲಿ ಒಂದು ಗೇರ್ ಪಂಪ್. ಅದನ್ನ ತಿರುಗಿಸೋದು ಡಿಸ್ಟ್ರಿಬ್ಯೂಟರಿನಿಂದ ಬರೋ ಒಂದು ಕೇಬಲ್, ಸ್ಪೀಡೋಮೀಟರ್ ಕೇಬಲ್ ಇದ್ದ ಹಾಗೆ. ಪಂಪ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲು ತಳ್ಳುತ್ತೆ. ಹೆಚ್ಚಾಗಿದ್ದು ಒಂದು ಸ್ಪಿಲ್ ವಾಲ್ವ್ ಮೂಲಕ ವಾಪಸ್ ಬಟ್ಟಲಿಗೆ. ಉಳಿದಿದ್ದು ಎಂಟು ನಾಝಲ್‌ಗಳಿಗೆ. ಒಂದೊಂದು ನಾಝಲ್ಲಿನ ತೂತು ಅರ್ಧ ಮಿಲಿಮೀಟರೂ ಇಲ್ಲ. ಬಿಟ್ಟು ಬಿಟ್ಟು ಚಿಮ್ಮಿಸೋದಲ್ಲ, ಒಂದೇ ಸಮ ಹರೀತಾ ಇರುತ್ತೆ.

ಹಾಗಾದರೆ ಎಷ್ಟು ಹರಿಯಬೇಕು ಅಂತ ಹೇಳೋರ್ಯಾರು? ಗಾಳಿ ಒಂದು ಕಿರಿದಾದ ಕತ್ತಿನ ಮೂಲಕ ಹಾದು ಹೋಗುತ್ತೆ. ಅಲ್ಲಿ ಒತ್ತಡ ಇಳಿಯುತ್ತೆ. ಗಾಳಿ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟು. ಅಂದರೆ ಈ ಇಳಿತದಿಂದ ಗಾಳಿ ಎಷ್ಟು ಅಂತ ತಿಳೀಬೇಕಾದರೆ ವರ್ಗಮೂಲ ತೆಗೀಬೇಕು. 1957ರಲ್ಲಿ, ಬಾನೆಟ್ಟಿನ ಕೆಳಗೆ, ವರ್ಗಮೂಲ ಯಾರು ತೆಗೀತಾರೆ?

ಇಲ್ಲಿ ನೋಡಿ ಚಮತ್ಕಾರ. ನಾಝಲ್ಲಿನ ಕಥೆಯೂ ಅದೇ. ಪೆಟ್ರೋಲು ಎರಡು ಪಟ್ಟು ಹರಿಯಬೇಕಾದರೆ ಅದರ ಒತ್ತಡ ನಾಲ್ಕು ಪಟ್ಟಾಗಬೇಕು. ಎರಡೂ ಕಡೆ ವರ್ಗ! ಹಾಗಾಗಿ ಲೆಕ್ಕವೇ ಬೇಡ. ಗಾಳಿಯ ಕತ್ತಿನ ಒತ್ತಡದ ಇಳಿತವನ್ನ ಒಂದು ಡಯಾಫ್ರಾಮಿಗೆ ಕೊಟ್ಟು, ಪೆಟ್ರೋಲಿನ ಒತ್ತಡವನ್ನ ಸ್ಪಿಲ್ ವಾಲ್ವಿನ ಕಡೆಯಿಂದ ಕೊಟ್ಟು, ಮಧ್ಯೆ ಒಂದು ಸನ್ನೆ ಇಟ್ಟುಬಿಟ್ರು. ತಕ್ಕಡಿ ಸಮ ಆಗೋ ತನಕ ಅದು ತಾನೇ ಸರಿಹೋಗುತ್ತೆ. ಎರಡು ಒತ್ತಡಗಳ ಅನುಪಾತ ಸ್ಥಿರವಾಗಿದ್ದರೆ ಗಾಳಿ-ಪೆಟ್ರೋಲಿನ ಅನುಪಾತವೂ ಸ್ಥಿರ. ನಿಧಾನಕ್ಕೆ ಹೋದರೂ ಅಷ್ಟೇ, ಹಾರಿಸಿಕೊಂಡು ಹೋದರೂ ಅಷ್ಟೇ. ಗಟ್ಟಿಯಾಗಿ ಅಕ್ಸೆಲರೇಟರ್ ಒತ್ತಿದಾಗ ಸ್ವಲ್ಪ ಜಾಸ್ತಿ ಪೆಟ್ರೋಲು ಬೇಕಲ್ಲ? ಇನ್ನೊಂದು ಡಯಾಫ್ರಾಮ್ ಬಂದು ಸನ್ನೆಯ ಆಧಾರವನ್ನ ಆ ಕಡೆ ಈ ಕಡೆ ಜರುಗಿಸುತ್ತೆ. ಮುಗೀತು.

ನಾನು ಇದೇ ಕೆಲಸಕ್ಕೆ ಟೇಬಲ್ ಬರೀತೀನಿ, ಟೇಬಲ್ಲಿನ ಮಧ್ಯದ ಬೆಲೆಗೆ ಇಂಟರ್ಪೊಲೇಷನ್ ಬರೀತೀನಿ, ಅದಕ್ಕೆ ಟೆಸ್ಟ್ ಬರೀತೀನಿ, ಟೆಸ್ಟಿಗೆ ರಿವ್ಯೂ ಮಾಡಿಸ್ತೀನಿ. ಡೋಲ್ಝಾ ಒಂದು ಸನ್ನೆಕೋಲಿನಲ್ಲಿ ಮುಗಿಸಿದ್ರು. ಇದಕ್ಕೆ 'ಹಳೇ ಕಬ್ಬಿಣ' ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ಸ್ವಾಮಿ.

ಇನ್ನು ಆರೋಪಗಳಿಗೆ ಬರೋಣ.

ಆರೋಪ ಒಂದು: ಅದು ನಂಬಿಕೆಗೆ ಅರ್ಹ ಅಲ್ಲ.

ತೊಂದರೆ ಇರಲೇ ಇಲ್ಲ ಅಂತ ನಾನು ಹೇಳಲ್ಲ. ಬಿಸಿ ಇಂಜಿನ್ ನಿಲ್ಲಿಸಿದ ಮೇಲೆ ಕಾವಿಗೆ ಪೈಪಿನ ಪೆಟ್ರೋಲು ಕುದಿದು ಮತ್ತೆ ಸ್ಟಾರ್ಟ್ ಮಾಡೋದು ಕಷ್ಟ ಆಗ್ತಿತ್ತು. ಪೆಟ್ರೋಲಿನಲ್ಲಿ ಕಸ ಇದ್ದರೆ ಆ ಸಣ್ಣ ತೂತು ಕಟ್ಕೊಳ್ತಿತ್ತು. ಪಂಪಿನ ಕೇಬಲ್ ತುಂಡಾದರೆ ಕಾರು ನಿಂತಲ್ಲೇ ನಿಂತಿತು. ಒಪ್ಪಿದೆ. ಆದರೆ ಇದೇ ಯೂನಿಟ್ ಹಾಕ್ಕೊಂಡು 1957ರ ಮಾರ್ಚಿನಲ್ಲಿ ಕಾರ್ವೆಟ್ ಸೆಬ್ರಿಂಗ್ 12 ಗಂಟೆ ರೇಸಿನಲ್ಲಿ ಓಡಿತು. ಡಿಕ್ ಥಾಂಪ್ಸನ್ ಮತ್ತು ಗ್ಯಾಸ್ಟನ್ ಆಂಡ್ರೆ ತಮ್ಮ ಕ್ಲಾಸಿನಲ್ಲಿ ಮೊದಲು ಬಂದ್ರು. 1960ರಲ್ಲಿ ಬ್ರಿಗ್ಸ್ ಕನಿಂಗ್‌ಹ್ಯಾಮ್ ಮೂರು ಕಾರ್ವೆಟ್ ತಗೊಂಡು ಫ್ರಾನ್ಸಿನ ಲೆ ಮಾನ್ಸ್‌ಗೆ ಹೋದ್ರು. 24 ಗಂಟೆ ಎಡೆಬಿಡದ ಓಟ. ಜಾನ್ ಫಿಚ್ ಮತ್ತು ಬಾಬ್ ಗ್ರಾಸ್‌ಮನ್ ಓಡಿಸಿದ ಕಾರು ಒಟ್ಟಾರೆ ಎಂಟನೇ ಸ್ಥಾನ, ತನ್ನ ಕ್ಲಾಸಿನಲ್ಲಿ ಮೊದಲು. ಕೊನೆಯಲ್ಲಿ ಅದೂ ನಿಲ್ಲೋ ಸ್ಥಿತಿಗೆ ಬಂದಿತ್ತು. ಕಾರಣ ಗೊತ್ತಾ? ಕೂಲಂಟ್ ಸೋರಿ ಇಂಜಿನ್ ಕಾದಿದ್ದು. ನಿಯಮದ ಪ್ರಕಾರ ನೀರು ತುಂಬೋ ಹಾಗಿರಲಿಲ್ಲ ಅಂತ ಇಂಜಿನ್ ಸುತ್ತ ಐಸ್ ತುರುಕಿ ಓಡಿಸಿದ್ರು. ಇಂಜೆಕ್ಷನ್ ಮಾತ್ರ ಇಪ್ಪತ್ನಾಲ್ಕು ಗಂಟೆ ತನ್ನ ಪಾಡಿಗೆ ತಾನು ಪೆಟ್ರೋಲು ಅಳೀತಾ ಇತ್ತು. ಪಕ್ಕದ ಅಂಗಡಿಗೆ ಹಾಲು ತರೋಕೆ ಹೋಗುವಾಗ ಕೈಕೊಟ್ಟ ಅದೇ ಯಂತ್ರ ಲೆ ಮಾನ್ಸ್ ಓಡಿದ್ದು ಹೇಗೆ? ಅಲ್ಲಿ ಅದನ್ನ ಬಲ್ಲವರು ಪಕ್ಕದಲ್ಲೇ ಇದ್ರು. ಅಷ್ಟೇ ವ್ಯತ್ಯಾಸ.

ಆರೋಪ ಎರಡು: ಎಲೆಕ್ಟ್ರಾನಿಕ್ ಬಂತು, ಮೆಕ್ಯಾನಿಕಲ್ ಸತ್ತಿತು. ಅದು ಪ್ರಗತಿ.

ಇದು ನನ್ನ ಗೆಳೆಯನ ಅಚ್ಚುಮೆಚ್ಚಿನ ವಾದ. ಇತಿಹಾಸ ತಿರುವಿ ಹಾಕೋಣ. ಅಮೆರಿಕದಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೂಡ ಅದೇ ಕಾಲಕ್ಕೇ ಬಂದಿತ್ತು! ಬೆಂಡಿಕ್ಸ್ ಕಂಪನಿಯ ಎಲೆಕ್ಟ್ರೋಜೆಕ್ಟರ್. 1958ರಲ್ಲಿ ಕ್ರೈಸ್ಲರ್ ಅದನ್ನ ಕ್ರೈಸ್ಲರ್, ಡಿಸೋಟೊ, ಡಾಜ್, ಪ್ಲಿಮತ್ ಕಾರುಗಳಿಗೆ ಹಾಕಿತು. ಎಲ್ಲಾ ಸೇರಿ ಎಷ್ಟು ಕಾರು? ಸುಮಾರು 35. ಅದರಲ್ಲಿ ಹೆಚ್ಚಿನವಕ್ಕೆ ಆಮೇಲೆ ಕಂಪನಿಯೇ ಕಾರ್ಬ್ಯುರೇಟರ್ ಕೂರಿಸಿ ಕೊಟ್ಟಿತು. ಅದೇ ಸಮಯದಲ್ಲಿ ಮೆಕ್ಯಾನಿಕಲ್ ರಾಮ್‌ಜೆಟ್ ಸಾವಿರಗಟ್ಟಲೆ ಮಾರಾಟ ಆಗ್ತಿತ್ತು, ಒಂಬತ್ತು ಮಾಡೆಲ್ ವರ್ಷ ಬಾಳಿತು. 1960ರಲ್ಲಿ ಯಾರಾದರೂ ನನ್ನ ಗೆಳೆಯನ ತರ್ಕ ಹಿಡಿದಿದ್ರೆ ಏನಂತಿದ್ರು? "ಎಲೆಕ್ಟ್ರಾನಿಕ್ ಫೇಲ್ ಆದ ಟೆಕ್ನಾಲಜಿ ಐತಿ ಬಿಡಲೇ" ಅಂತ! ಬೆಂಡಿಕ್ಸಿನ ಪೇಟೆಂಟುಗಳು ಬಾಷ್‌ಗೆ ಹೋದವು. 1967ರಲ್ಲಿ ಫೋಕ್ಸ್‌ವ್ಯಾಗನ್ನಿನಲ್ಲಿ ಅದೇ ಯೋಚನೆ ಡಿ-ಜೆಟ್ರಾನಿಕ್ ಆಗಿ ಮತ್ತೆ ಎದ್ದು ಬಂತು. ಇವತ್ತು ನಮ್ಮಿಬ್ಬರ ಸಂಬಳ ಬರ್ತಿರೋದೇ ಆ ಸತ್ತು ಹುಟ್ಟಿದ ಯೋಚನೆಯಿಂದ. 'ನಿಂತುಹೋಯ್ತು' ಅನ್ನೋದು 'ಕೆಟ್ಟದ್ದು' ಅನ್ನೋದಕ್ಕೆ ಸಾಕ್ಷಿಯಾದರೆ ನಾವಿಬ್ಬರೂ ಬೇರೆ ಕೆಲಸ ಹುಡುಕಬೇಕಾಗಿತ್ತು.

ಆರೋಪ ಮೂರು: ಹಾಗಾದರೆ ಯಾಕೆ ಬಂದ್ ಮಾಡಿದ್ರು?

ಉತ್ತರ ಬೆಲೆಪಟ್ಟಿಯಲ್ಲಿದೆ. 1965ರ ಕಾರ್ವೆಟ್ಟಿಗೆ ಇಂಜೆಕ್ಷನ್ ಇಂಜಿನ್, 327 ಘನ ಇಂಚು, 375 ಹಾರ್ಸ್‌ಪವರ್: ಹೆಚ್ಚುವರಿ 538 ಡಾಲರ್. ಅದೇ 327, ಕಾರ್ಬ್ಯುರೇಟರ್ ಜೊತೆ, 365 ಹಾರ್ಸ್‌ಪವರ್: 129 ಡಾಲರ್. ಆಮೇಲೆ ಅದೇ ವರ್ಷದ ಮಧ್ಯೆ ಬಂದ 396 ಘನ ಇಂಚಿನ ದೈತ್ಯ, ಕಾರ್ಬ್ಯುರೇಟರ್ ಜೊತೆ, 425 ಹಾರ್ಸ್‌ಪವರ್: 293 ಡಾಲರ್. ನೀವಾಗಿದ್ರೆ ಯಾವುದು ತಗೊಳ್ತಿದ್ರಿ? ಆ ವರ್ಷ 771 ಜನ ಮಾತ್ರ ಇಂಜೆಕ್ಷನ್ ತಗೊಂಡ್ರು. ತಡವಾಗಿ ಬಂದ 396 ಎರಡು ಸಾವಿರಕ್ಕೂ ಹೆಚ್ಚು ಹೋಯ್ತು. ಇಂಜೆಕ್ಷನ್ ಅಲ್ಲಿಗೆ ನಿಂತಿತು.

ಅಂದರೆ ಗೆದ್ದಿದ್ದು ಒಳ್ಳೆಯ ಲೆಕ್ಕ ಅಲ್ಲ, ದೊಡ್ಡ ಹೊಟ್ಟೆ. ಪೆಟ್ರೋಲು ನೀರಿನ ಬೆಲೆಗೆ ಸಿಗ್ತಿದ್ದ ದೇಶದಲ್ಲಿ ಅಳತೆ ಮಾಡಿ ಬಡಿಸೋನಿಗಿಂತ ಬಕೆಟ್ಟಿನಲ್ಲಿ ಸುರಿಯೋನು ಅಗ್ಗವಾದ. ಹೊಗೆ ಕಾನೂನು ಬಂದು ಅದನ್ನ ಮುಗಿಸಿತು ಅಂತಲೂ ಕೆಲವರು ಬರೀತಾರೆ. ಇಡೀ ಅಮೆರಿಕಕ್ಕೆ ಹೊಗೆಯ ಮಿತಿ ಬಂದಿದ್ದು 1968ರ ಮಾಡೆಲ್ಲುಗಳಿಂದ. ಫ್ಯುಯೆಲಿ ನಿಂತಿದ್ದು 1965ಕ್ಕೆ. ಕಾರ್ವೆಟ್ಟಿಗೆ ಮತ್ತೆ ಇಂಜೆಕ್ಷನ್ ಬಂದಿದ್ದು 1982ರಲ್ಲಿ, ಎಲೆಕ್ಟ್ರಾನಿಕ್ ಆಗಿ. ಆಗ 350 ಘನ ಇಂಚಿನಿಂದ 200 ಹಾರ್ಸ್‌ಪವರ್. (ಹಳೆಯದೂ ಹೊಸದೂ ಅಳೆಯೋ ವಿಧಾನ ಬೇರೆ, ನೇರ ಹೋಲಿಕೆ ಬೇಡ. ಆದರೂ ನೋಡಿದರೆ ನಗು ಬರುತ್ತೆ.)

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಒಂದು ಒಪ್ಪಿಕೊಳ್ಳಬೇಕು. ಇವತ್ತಿನ ಕಾರಿಗೆ ರಾಮ್‌ಜೆಟ್ ಸಾಲದು. ಹೊಗೆ ಕೊಳವೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡಿ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳೋ ಶಕ್ತಿ ಅದಕ್ಕಿಲ್ಲ. ಮಕ್ಕಳು ಉಸಿರಾಡೋ ಗಾಳಿಯ ಪ್ರಶ್ನೆ ಬಂದಾಗ ನಾನು ಎಲೆಕ್ಟ್ರಾನಿಕ್ ಕಡೆಗೇ. ಅದನ್ನೇ ಮುಂದುವರಿಸಬೇಕಿತ್ತು ಅಂತ ನಾನು ವಾದಿಸ್ತಿಲ್ಲ. ಅದರ ಮೇಲೆ ಬರೆದ ಮರಣಪತ್ರದಲ್ಲಿ ಸಾವಿನ ಕಾರಣ ತಪ್ಪಾಗಿದೆ ಅಂತ ಅಷ್ಟೇ ನನ್ನ ತಕರಾರು.

ಇನ್ನೂ ನಂಬಿಕೆ ಬರಲಿಲ್ವಾ? 1973ರಲ್ಲಿ ಬಾಷ್ ಕೆ-ಜೆಟ್ರಾನಿಕ್ ಅಂತ ತಂದಿತು. ಅದೂ ಗಾಳಿ ಅಳೆಯುತ್ತೆ. ಅದೂ ಪೆಟ್ರೋಲನ್ನ ಒಂದೇ ಸಮ ಹರಿಸುತ್ತೆ. ಅಳತೆ ಮಾಡೋದು ಮೂಲದಲ್ಲಿ ಪೂರ್ತಿ ಮೆಕ್ಯಾನಿಕಲ್. ಅಳೆಯೋ ರೀತಿ ಬೇರೆ, ಇನ್ನೂ ನಾಜೂಕು, ಆದರೆ ದಾರಿ ಅದೇ. ಪೋರ್ಷೆ, ಮರ್ಸಿಡೀಸ್, ಫೋಕ್ಸ್‌ವ್ಯಾಗನ್, ವೋಲ್ವೊ ಕಾರುಗಳಲ್ಲಿ ಲಕ್ಷಗಟ್ಟಲೆ ಓಡಿತು, 1990ರ ದಶಕದ ಆರಂಭದವರೆಗೂ ಬಾಳಿತು. ಆಮೇಲೆ ಅದಕ್ಕೆ ಆಕ್ಸಿಜನ್ ಸೆನ್ಸರ್ ಕೂಡ ಸೇರಿಸಿದ್ರು. ಮೆಕ್ಯಾನಿಕಲ್ ಅನ್ನೋದೇ ರೋಗ ಆಗಿದ್ರೆ ಇದು ಹೇಗೆ ಬದುಕಿತು? ಅದು ಹತ್ತಾರು ಮಾಡೆಲ್ಲುಗಳಲ್ಲಿತ್ತು. ಹಾಗಾಗಿ ಕಲಿಯೋದರಲ್ಲಿ ಮೆಕ್ಯಾನಿಕ್ಕಿಗೆ ಲಾಭ ಇತ್ತು, ಕಲಿಸೋದರಲ್ಲಿ ಕಂಪನಿಗೆ ಲಾಭ ಇತ್ತು.

ಫ್ಯುಯೆಲಿಯ ದುರಂತ ಇಲ್ಲಿದೆ. ಪುಸ್ತಕ ಇರಲಿಲ್ಲ ಅಂತಲ್ಲ, ಸರ್ವಿಸ್ ಮ್ಯಾನ್ಯುಯಲ್ ಅಚ್ಚಾಗಿತ್ತು. ಆದರೆ ಒಂದು ಊರಿಗೆ ಒಂದೋ ಎರಡೋ ಫ್ಯುಯೆಲಿ. ವರ್ಷಕ್ಕೊಮ್ಮೆ ಬಾಗಿಲಿಗೆ ಬರೋ ಒಂದು ಕಾರಿಗಾಗಿ ಮ್ಯಾನ್ಯುಯಲ್ ಓದಿ, ಸನ್ನೆ ಸರಿಮಾಡೋದು ಕಲಿಯೋ ಮೆಕ್ಯಾನಿಕ್ ಎಲ್ಲಿ ಸಿಗ್ತಾನೆ? ಕಾರ್ಬ್ಯುರೇಟರ್ ಅವನಿಗೆ ಕಣ್ಣು ಮುಚ್ಚಿಕೊಂಡು ಬರುತ್ತೆ. ಕಿತ್ತ, ಹಾಕಿದ, ದುಡ್ಡು ಎಣಿಸಿದ. ನಾನು ಅವನನ್ನೂ ಪೂರ್ತಿ ಬೈಯಲ್ಲ. ಬೈಯೋದು, ಮಾರೋವರೆಗೆ ಬಾವುಟ ಹಾರಿಸಿ, ಮಾರಿದ ಮೇಲೆ 'ಅದು ಸ್ವಲ್ಪ ಕಷ್ಟ' ಅಂತ ಕೈತೊಳೆದುಕೊಳ್ಳೋ ಪದ್ಧತಿಯನ್ನ. ಆಮೇಲೆ ಅರ್ಥ ಆಗದೆ ಕಿತ್ತಿದ್ದಕ್ಕೆ 'ಅದು ಕೆಟ್ಟಿತ್ತು' ಅಂತ ಚರಿತ್ರೆ ಬರೆಯೋರನ್ನ.

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ಇದಿಲ್ಲದೆ ಈ ಪೋಸ್ಟ್ ಹಾಕೋ ಯೋಗ್ಯತೆ ನನಗಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಹಳೇ ಮಾಡ್ಯೂಲ್ ನನ್ನ ಪಾಲಿಗೆ ಬಂತು. ಬರೆದವರು ಕೆಲಸ ಬಿಟ್ಟು ಹೋಗಿದ್ರು. ಮಧ್ಯದಲ್ಲಿ ವಿಚಿತ್ರವಾದ ಹತ್ತು ಹನ್ನೆರಡು ಸಾಲು, ತಣ್ಣಗಿನ ಇಂಜಿನ್ನಿಗೆ ಏನೋ ತಿದ್ದುಪಡಿ. ಅರ್ಥ ಆಗಲಿಲ್ಲ. 'ಲೆಗಸಿ' ಅಂದೆ. (ನಮ್ಮ ಕಸುಬಿನಲ್ಲಿ ಅರ್ಥ ಆಗದ ಕೋಡಿಗೆ ಇಡೋ ಮರ್ಯಾದೆಯ ಹೆಸರು ಇದು.) ಎಲ್ಲಾ ಕಿತ್ತು, ಚೆನ್ನಾಗಿ, ಓದೋಕೆ ಚಂದವಾಗಿ ಹೊಸದಾಗಿ ಬರೆದೆ. ಮ್ಯಾನೇಜರ್ ಬೆನ್ನು ತಟ್ಟಿದ್ರು. ಚಳಿಗಾಲದ ಟೆಸ್ಟಿನಲ್ಲಿ ಗಾಡಿ ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆ ಸಾಯೋಕೆ ಶುರುವಾಯ್ತು. ಕಾರಣ ಹುಡುಕೋಕೆ ನಾಲ್ಕು ಜನಕ್ಕೆ ಆರು ವಾರ ಹಿಡೀತು. ಕೊನೆಗೆ ಸಿಕ್ಕಿದ್ದೆಲ್ಲಿ? ಅದೇ ಪುಣ್ಯಾತ್ಮ ಬರೆದಿಟ್ಟಿದ್ದ ಹದಿನಾಲ್ಕು ಪುಟದ ಟಿಪ್ಪಣಿಯಲ್ಲಿ. ಶೇರ್ಡ್ ಡ್ರೈವಿನಲ್ಲೇ ಇತ್ತು. ಅದು ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಹನ್ನೆರಡು ಸಾಲು ವಾಪಸ್ ಹಾಕಿದ ದಿನ ಸಮಸ್ಯೆ ಮಾಯ.

ಆ ದಿನ ರಟ್ಟಿನ ಡಬ್ಬ ಹಿಡ್ಕೊಂಡು "ಇದನ್ನ ಎಸೀಲಾ?" ಅಂತ ಕೇಳಿದ ಮೆಕ್ಯಾನಿಕ್ ನಾನೇ ಆಗಿದ್ದೆ. ಅವನಿಗೂ ನನಗೂ ಒಂದೇ ವ್ಯತ್ಯಾಸ. ನಾನು ಎಸೆದಿದ್ದು ವಾಪಸ್ ಸಿಗೋ ಜಾಗದಲ್ಲಿತ್ತು. ವುಡ್‌ವರ್ಡ್ ಯಜಮಾನರದ್ದು ಸಿಗಲಿಲ್ಲ.

ಇದೇ ಕಥೆ ನಮ್ಮೂರಲ್ಲೂ ಶುರುವಾಗಿದೆ, ಗಮನಿಸಿದ್ದೀರಾ? 2020ರ ಏಪ್ರಿಲ್ಲಿನಿಂದ ಬಿಎಸ್-6 ನಿಯಮ ಬಂದು ಸ್ಕೂಟರ್, ಬೈಕುಗಳಿಗೂ ಇಂಜೆಕ್ಷನ್ ಬಂತು. ಕಳೆದ ಸಲ ತಿಪಟೂರಿಗೆ ಹೋದಾಗ ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣ ಹೇಳಿದ: "ಕಾರ್ಬ್ಯುರೇಟರ್ ಆಗಿದ್ರೆ ಶಬ್ದ ಕೇಳಿ ಹೇಳ್ತಿದ್ದೆ ಕಣಪ್ಪಾ. ಇದಕ್ಕೆ ಸ್ಕ್ಯಾನರ್ ಬೇಕು, ಸ್ಕ್ಯಾನರ್ ಇದ್ರೂ ಅದು ಹೇಳೋದು ತಿಳೀಬೇಕು. ನಮಗೆ ಯಾರು ಹೇಳ್ಕೊಡ್ತಾರೆ?" ಮೂವತ್ತು ವರ್ಷ ಇಂಜಿನ್ನಿನ ನಾಡಿ ಹಿಡಿದ ಮನುಷ್ಯ. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದ ಜಾಗದಲ್ಲಿ ಕೂತಿರೋದು ನನ್ನಂಥವರು. ಕೋಡ್ ಬರೆಯೋನು ನಾನು. ಅದರ ಬಗ್ಗೆ ಅವನಿಗೆ ಅರ್ಥ ಆಗೋ ಕನ್ನಡದಲ್ಲಿ ಒಂದು ಪುಟ ಬರೆದಿದ್ದೀನಾ? ಇಲ್ಲ. ಮುಂದಿನ ಪೋಸ್ಟುಗಳಲ್ಲಿ ಅದನ್ನೇ ಬರೆಯೋಕೆ ಶುರು ಮಾಡ್ತೀನಿ. ಇಂಜೆಕ್ಟರ್ ಅಂದರೇನು, ಸೆನ್ಸರ್ ಏನು ಮಾಡುತ್ತೆ, ಯಾವ ದೀಪ ಹತ್ತಿದರೆ ಮೊದಲು ಏನು ನೋಡಬೇಕು ಅಂತ. ಸೈಟಿನಲ್ಲಿ ಎಲ್ಲರಿಗೂ ಸಿಗೋ ಸಾಮಾನ್ಯ ಮಾಹಿತಿ ಅಷ್ಟೇ, ಆಫೀಸಿನ ಗುಟ್ಟು ಏನೂ ಇಲ್ಲ, ಗಾಬರಿಯಾಗಬೇಡಿ :-)

ನೀವೂ ನಿಮ್ಮ ನಿಮ್ಮ ಕಸುಬಿನಲ್ಲಿ ಒಂದು ಸಲ ಹುಡುಕಿ ನೋಡಿ. ಬ್ಯಾಂಕಿನವರು, ಟೀಚರುಗಳು, ಆಸ್ಪತ್ರೆಯವರು, ನಮ್ಮ ಹಾಗೆ ಕೀಬೋರ್ಡ್ ಕುಟ್ಟೋರು. 'ಅದು ಫೇಲಾಯ್ತು' ಅಂತ ಮೂಲೆಗೆ ತಳ್ಳಿದ ಯಾವುದೋ ಒಂದು ಇದ್ದೇ ಇರುತ್ತೆ. ಅದು ಕೆಟ್ಟಿತ್ತೋ, ತಿಳಿದವರಿಲ್ಲದೆ ಅನಾಥ ಆಯ್ತೋ ಅಂತ ಕೇಳಿ. ಸಿಕ್ಕಿದ್ದನ್ನ ಕಾಮೆಂಟಿನಲ್ಲಿ ಬರೀರಿ, ಉದ್ದ ಆದರೆ ನಿಮ್ಮ ಬ್ಲಾಗಿನಲ್ಲೇ ಬರೆದು ಕೊಂಡಿ ಕೊಡಿ.

ಹುಬ್ಬಳ್ಳಿ ಗೆಳೆಯನಿಗೆ ಈ ಕೊಂಡಿ ಕಳಿಸ್ತಿದ್ದೀನಿ. "ಇಷ್ಟುದ್ದ ಯಾರ್ ಓದ್ತಾರಲೇ" ಅಂತಾನೆ, ಗೊತ್ತು. ಓದಲಿ. ಮುಂದಿನ ಆಗಸ್ಟಿಗೆ ಅವನನ್ನೂ ವುಡ್‌ವರ್ಡಿಗೆ ಕರ್ಕೊಂಡು ಹೋಗಿ, ಇಂಜೆಕ್ಷನ್ ಇನ್ನೂ ಇರೋ ಒಂದು ಫ್ಯುಯೆಲಿ ಹುಡುಕಿ, ಅದರ ಪಕ್ಕ ನಿಲ್ಲಿಸಿ ಸ್ಟಾರ್ಟ್ ಮಾಡಿಸ್ತೀನಿ. ಆಮೇಲೆ ಮಾತಾಡೋಣ.